ಸವೆದ ಮೊಣಕಾಲು ಯಾರ ಲೆಕ್ಕಕ್ಕೆ?

ನಾವು ಹುಡುಗರಾಗಿದ್ದಾಗ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಕುರ್ಚಿ ಎಂಬುದೇ ಇರಲಿಲ್ಲ. ತೀರ ನಿಲ್ಲಲಾಗದ ಒಬ್ಬಿಬ್ಬರು ವೃದ್ಧರು ಗೋಡೆಯ ಬದಿಗೆ ನೆಲದ ಮೇಲೆಯೇ ಕುಳಿತು ನಮಾಜು ಮುಗಿಸುತ್ತಿದ್ದರು. ಈಗ ಪ್ರತಿ ಸಾಲಿನ ಎರಡು ತುದಿಗೂ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಒಂದು ಶುಕ್ರವಾರ ಖುತ್ಬಾ ಶುರುವಾಗುವ ಮುಂಚೆ ಸುಮ್ಮನೆ ಎಣಿಸಿದೆವು. 23 ಇದ್ದವು. ಕುರ್ಚಿಯ ಮೇಲೆ ನಮಾಜು ಮಾಡುವುದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬ ಚರ್ಚೆಯೂ ಆಗಾಗ ನಡೆಯುತ್ತದೆ. ಅದು ಬಲ್ಲವರಿಗೆ ಬಿಟ್ಟದ್ದು. ನಮ್ಮನ್ನು ಕಾಡಿದ ಸಂಗತಿ ಬೇರೆ. ಆ ಕುರ್ಚಿಗಳಲ್ಲಿ ಕುಳಿತವರಲ್ಲಿ ಎರಡು ಬಗೆಯವರಿದ್ದರು. ಜೀವಮಾನವೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆಯೋ ಕಚೇರಿಯ ಮೇಜಿನ ಹಿಂದೆಯೋ ಕುಳಿತು ಮೈ ಬೆಳೆಸಿಕೊಂಡವರು ಕೆಲವರು. ಜೀವಮಾನದಲ್ಲಿ ಕೂರಲು ಪುರುಸೊತ್ತೇ ಸಿಗದವರು ಉಳಿದವರು.

ಎರಡನೆಯ ಬಗೆಯವರಲ್ಲಿ ಒಬ್ಬರನ್ನು ನಾವು ಚಾಚಾ ಎಂದು ಕರೆಯುತ್ತೇವೆ. ರಕ್ತಸಂಬಂಧವಿಲ್ಲ, ಗಲ್ಲಿಯ ಸಂಬಂಧ. ನಮ್ಮೂರು ದಾವಣಗೆರೆ, ಮೆಕ್ಕೆಜೋಳದ ವ್ಯಾಪಾರಕ್ಕೂ ಮಂಡಕ್ಕಿ ಭಟ್ಟಿಗಳಿಗೂ ಹೆಸರಾದ ಊರು. ಇಂಥ ಊರಿನಲ್ಲಿ ಬೆಳಗಾದರೆ ಚೀಲ ಏರುತ್ತಿರಬೇಕು, ಚೀಲ ಇಳಿಯುತ್ತಿರಬೇಕು. ಚಾಚಾ ಹದಿನೇಳನೆಯ ವಯಸ್ಸಿಗೆ ಮಂಡಿಗೆ ಹೋದವರು, ಮೂವತ್ತೇಳು ವರ್ಷ ಹಮಾಲಿ ಮಾಡಿದರು. ಈಗ ಐವತ್ತೆಂಟು. ಹೇಗಿದ್ದೀರಿ ಎಂದು ಕೇಳಿದರೆ ಅವರದು ಒಂದೇ ಉತ್ತರ: "ಘುಟ್ನೇ ಗಯೇ ಮಿಯಾ, ಬಾಕಿ ಸಬ್ ಠೀಕ್." ಮೊಣಕಾಲು ಹೋದವು, ಉಳಿದದ್ದೆಲ್ಲ ಸರಿ. ಡಾಕ್ಟರು ಏನು ಹೇಳಿದರು ಎಂದರೆ ನಗುತ್ತಾರೆ. "ಭಾರ ಎತ್ತಬೇಡಿ ಅಂದರು, ಮೆಟ್ಟಿಲು ಹತ್ತಬೇಡಿ ಅಂದರು, ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಅಂದರು. ಬದುಕಬೇಡಿ ಅನ್ನೋದೊಂದು ಬಿಟ್ಟು ಎಲ್ಲ ಹೇಳಿದರು."

ಒಮ್ಮೆ ಮಾತ್ರ ನಗದೆ ಹೇಳಿದರು: "ಹಣೆ ನೆಲಕ್ಕೆ ತಾಗಿಸಿ ನಾಲ್ಕು ವರ್ಷ ಆಯಿತು."

ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿಯಾದರೂ ನಮಾಜು ಮಾಡಬಹುದೆಂಬ ರಿಯಾಯಿತಿ ಧರ್ಮದಲ್ಲೇ ಇದೆ. ಆದ್ದರಿಂದ ಚಾಚಾನ ನಮಾಜಿಗೆ ಕೊರತೆಯಿಲ್ಲ. ಆದರೆ ಅವರ ಆ ಮಾತಿನಲ್ಲಿದ್ದ ಕೊರಗು ನಮ್ಮ ತಲೆಯಿಂದ ಹೋಗಲಿಲ್ಲ. ಇಷ್ಟು ವರ್ಷ ಊರಿನ ಅನ್ನ ಹೊತ್ತ ಮೊಣಕಾಲು ಯಾರ ಲೆಕ್ಕಕ್ಕೆ ಸವೆಯಿತು? ಅವರಿಗೆ ಸಿಕ್ಕ ಕೂಲಿಯೊಳಗೆ ಈ ಸವೆತದ ಬೆಲೆ ಸೇರಿತ್ತೆ? ಸೇರಿರಲಿಲ್ಲ ಎಂದಾದರೆ ಆ ಬಾಕಿ ಯಾರ ಮೇಲಿದೆ?

ಮೊದಲು ಮೊಣಕಾಲಿನ ಒಳಗೆ ನಡೆಯುವುದೇನು ಎಂದು ತಿಳಿಯಬೇಕು. ತೊಡೆಯ ಎಲುಬೂ ಕೆಳಗಾಲಿನ ಎಲುಬೂ ಸೇರುವಲ್ಲಿ ಅವುಗಳ ತುದಿಗಳಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ, ಜಾರುವ ಪದರ. ವಿಚಿತ್ರವೆಂದರೆ ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಕೀಲಿನೊಳಗಿನ ಅಂಟು ದ್ರವವೇ ಅದಕ್ಕೆ ಅನ್ನ. ಒತ್ತಿದಾಗ ಹಿಂಡಿಕೊಂಡು, ಬಿಟ್ಟಾಗ ಹೀರಿಕೊಂಡು, ಸ್ಪಂಜಿನ ಹಾಗೆ ಅದು ಬದುಕುತ್ತದೆ. ಹೀಗಾಗಿ ಭಾರವೆಂಬುದು ಕೀಲಿನ ಶತ್ರುವಲ್ಲ. ನಡೆಯದ, ದುಡಿಯದ ಕೀಲೂ ಸೊರಗುತ್ತದೆ. ಮಿತಿ ಮೀರಿದ ಭಾರ, ಅದೂ ಮೊಣಕಾಲು ಬಾಗಿದ ಸ್ಥಿತಿಯಲ್ಲಿ, ವಿಶ್ರಾಂತಿಯಿಲ್ಲದೆ ದಿನಕ್ಕೆ ನೂರಾರು ಸಲ ಬಿದ್ದಾಗ ಪದರ ಸವೆಯುತ್ತದೆ. ಬರಿಗೈಯಲ್ಲಿ ಸಮತಟ್ಟು ನೆಲದ ಮೇಲೆ ನಡೆದರೂ ಮೊಣಕಾಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಮೆಟ್ಟಿಲಿನಲ್ಲಿ ಇನ್ನೂ ಹೆಚ್ಚು. ಇನ್ನು 75 ಕೆ.ಜಿ. ಭತ್ತದ ಚೀಲ ಬೆನ್ನ ಮೇಲಿಟ್ಟುಕೊಂಡು ಲಾರಿಗೆ ಹಾಕಿದ ಹಲಗೆಯ ಮೇಲೆ ಏರುವವನ ಮಾತೇನು?

ನರವಿಲ್ಲದ ಕಾರಣ ಆ ಪದರ ಸವೆಯುವಾಗ ನೋಯುವುದಿಲ್ಲ. ಸುತ್ತಲಿನ ಭಾಗಗಳಿಗೆ, ಎಲುಬಿಗೆ ಪೆಟ್ಟು ಮುಟ್ಟಿದಾಗಲೇ ನೋವು ಏಳುತ್ತದೆ. ಆ ಹೊತ್ತಿಗೆ ಕಾಲ ಮಿಂಚಿರುತ್ತದೆ. ದೊಡ್ಡವರಲ್ಲಿ ಸವೆದ ಮೃದ್ವಸ್ಥಿ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ದೇಹದ ಎಷ್ಟೋ ಭಾಗಗಳು ಕಷ್ಟ ಬಂದ ದಿನವೇ ಕೂಗಿಕೊಳ್ಳುತ್ತವೆ. ಇದು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡು ದುಡಿಯುತ್ತದೆ.

ಇದು ನಮ್ಮ ಊಹೆಯಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರ ಆರೋಗ್ಯವನ್ನು 1948ರಿಂದ ದಶಕಗಳ ಕಾಲ ಗಮನಿಸಿಕೊಂಡು ಬಂದ ಪ್ರಸಿದ್ಧ ಅಧ್ಯಯನವೊಂದಿದೆ. ಹೃದಯರೋಗಕ್ಕೆಂದು ಶುರುವಾದದ್ದು. ಅದರ ಆಧಾರದ ಮೇಲೆ 1991ರಲ್ಲಿ ಪ್ರಕಟವಾದ ಲೇಖನವೊಂದು, ಮೊಣಕಾಲು ಬಾಗಿಸುತ್ತ ಭಾರದ ಕೆಲಸ ಮಾಡಿದ ಗಂಡಸರಲ್ಲಿ ಮುಂದೆ ಮೊಣಕಾಲಿನ ಸವೆತ ಹೆಚ್ಚು ಎಂದು ತೋರಿಸಿತು. ಬ್ರಿಟನ್ನಿನಲ್ಲಿ 2009ರಲ್ಲಿ ಕಲ್ಲಿದ್ದಲು ಗಣಿಯೊಳಗೆ ದುಡಿದವರ ಮೊಣಕಾಲಿನ ಸವೆತವನ್ನೂ, 2012ರಲ್ಲಿ ನೆಲಹಾಸು ಹಾಕುವವರ ಮೊಣಕಾಲನ್ನೂ ವೃತ್ತಿಯಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಿದರು. ಜರ್ಮನಿಯವರ ಲೆಕ್ಕ ಇನ್ನೂ ಖಚಿತ. ಅದೇ 2009ರಲ್ಲಿ ಅವರು ಮಾಡಿದ ನಿಯಮದಂತೆ, ದಿನಕ್ಕೆ ಕನಿಷ್ಠ ಒಂದು ಗಂಟೆಯಂತೆ ಜೀವಮಾನದಲ್ಲಿ ಒಟ್ಟು 13,000 ಗಂಟೆ ಮೊಣಕಾಲೂರಿ ಅಥವಾ ಅಂಥದೇ ಒತ್ತಡದಲ್ಲಿ ದುಡಿದವನ ಮೊಣಕಾಲು ಸವೆದರೆ ಅದನ್ನು ಕೆಲಸದ ರೋಗವೆಂದೇ ಒಪ್ಪಬೇಕು.

ನಮ್ಮಲ್ಲಿ 1923ರಷ್ಟು ಹಿಂದೆಯೇ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಅಂಗಾಂಗಗಳಿಗೆ ಒಂದೊಂದು ದರ ಹಾಕಿದ್ದರು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಪಾಲು ನಷ್ಟ, ಹೀಗೆ. ಓದುವಾಗ ಕಸಾಯಿ ಅಂಗಡಿಯ ಹಲಗೆ ನೆನಪಾದರೂ ಅದೊಂದು ನ್ಯಾಯದ ಪ್ರಯತ್ನವೇ. ಆದರೆ ಬೆರಳು ಕತ್ತರಿಸಿಹೋಗುವುದಕ್ಕೆ ಒಂದು ದಿನವಿದೆ, ಗಂಟೆಯಿದೆ, ಪಕ್ಕದಲ್ಲಿ ನಿಂತ ಸಾಕ್ಷಿಯಿದ್ದಾನೆ. ಚಾಚಾನ ಮೊಣಕಾಲು ಯಾವ ತಾರೀಖಿಗೆ ಹೋಯಿತು? ಯಾವ ಅಂಗಡಿಯ ಎಷ್ಟನೆಯ ಚೀಲಕ್ಕೆ?

ಈ ಪ್ರಶ್ನೆ ಕೇಳುವಾಗ ನಮಗೆ ನಮ್ಮದೇ ಮನೆಯ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ. ಹನ್ನೆರಡು ವರ್ಷದ ಹಿಂದೆ ನಾವು ಬಾಡಿಗೆ ಮನೆ ಬಿಟ್ಟು ಎರಡನೆಯ ಮಹಡಿಯ ಸ್ವಂತ ಮನೆಗೆ ಬಂದೆವು. ಸಾಮಾನು ಹೆಚ್ಚಿರಲಿಲ್ಲ, ಪುಸ್ತಕಗಳಿದ್ದವು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡ ಕಾಲೇಜಿನಲ್ಲಿ ಓದು ಮುಗಿಸಿದವರ ಮನೆಯಲ್ಲಿ ಪುಸ್ತಕಗಳು ಎರಡು ಪಾಲಾಗಿ ಬೆಳೆಯುತ್ತವೆ. 31 ರಟ್ಟಿನ ಪೆಟ್ಟಿಗೆಗಳಾದವು. ಕಾಗದದಷ್ಟು ಭಾರವಾದದ್ದು ಬೇರೆ ಇಲ್ಲವೆಂದು ಹೊತ್ತವರಿಗೆ ಗೊತ್ತು. ಚಾಚಾ ಮತ್ತು ಅವರ ಜೊತೆಗಾರ ಬಂದರು. ಸಾವಿರದ ಐನೂರು ಕೇಳಿದರು, ನಾವು ಚೌಕಾಸಿ ಮಾಡಿ ಸಾವಿರದ ಇನ್ನೂರಕ್ಕೆ ಒಪ್ಪಿಸಿದೆವು. ಆ ಪೆಟ್ಟಿಗೆಗಳಲ್ಲಿ ದುಡಿಯುವವರ ಪರವಾಗಿ ಬರೆದ ಪುಸ್ತಕಗಳೇ ಹೆಚ್ಚು. ನಾವು ಬರೆದ ಕಥೆಗಳ ಪ್ರತಿಗಳೂ ಇದ್ದವು, ಅದರಲ್ಲೊಂದರ ನಾಯಕ ಹಮಾಲನೇ.

ಚಾಚಾ ಪೆಟ್ಟಿಗೆ ಹೊತ್ತು ಮೇಲೆ ಬರುವಾಗ ಹೇಗೋ ಬರುತ್ತಿದ್ದರು. ಬರಿಗೈಯಲ್ಲಿ ಇಳಿಯುವಾಗ ಮಾತ್ರ ಗೋಡೆ ಹಿಡಿದು, ಮೈ ಅಡ್ಡ ತಿರುಗಿಸಿ, ಎರಡೂ ಕಾಲನ್ನು ಒಂದೇ ಮೆಟ್ಟಿಲಿಗೆ ತಂದು, ಆಮೇಲೆ ಮುಂದಿನ ಮೆಟ್ಟಿಲು. ಖಾಲಿ ಕೈಯಲ್ಲಿ ಇಷ್ಟು ತಡವೇಕೆ ಎಂದು ನಮಗೆ ಅನ್ನಿಸಿತು. ಮೇಲಿನಿಂದ "ಬೇಗ ಚಾಚಾ, ಮಳೆ ಬರೋ ಹಾಗಿದೆ" ಎಂದು ಕೂಗಿದ್ದು ಚೆನ್ನಾಗಿ ನೆನಪಿದೆ. ಸವೆದ ಮೊಣಕಾಲು ಹತ್ತುವಾಗ ಮಾತ್ರವಲ್ಲ, ಇಳಿಯುವಾಗಲೂ ಚುಚ್ಚುತ್ತದೆಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ನಾವು ಕಥೆಗಾರರು ಬೆವರಿನ ಬಗ್ಗೆ ಬಹಳ ಬರೆದಿದ್ದೇವೆ. ಬೆವರು ಕಣ್ಣಿಗೆ ಕಾಣುತ್ತದೆ, ಹೊಳೆಯುತ್ತದೆ, ವಾಕ್ಯಕ್ಕೆ ಒಗ್ಗುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ ತಾಕೀತು ನಮ್ಮ ಮಕ್ಕಳಿಗೂ ಬಾಯಿಪಾಠ. ಅಂದು ಸಂಜೆ ಚಾಚಾನ ಬೆವರು ಆರುವ ಮುನ್ನವೇ ಸಾವಿರದ ಇನ್ನೂರು ಎಣಿಸಿ ಕೊಟ್ಟು, ಚಹಾ ಕುಡಿಸಿ, ಲೆಕ್ಕ ಮುಗಿಯಿತೆಂದು ನೆಮ್ಮದಿಯಾಗಿ ಮಲಗಿದೆವು.

ಲೆಕ್ಕ ಮುಗಿಯಿತು ಎನ್ನುವುದಕ್ಕೆ ನಮ್ಮಂಥವರ ಬಳಿ ಸಮರ್ಥನೆಗಳಿಗೆ ಬರವಿಲ್ಲ. ಅವರೇ ಒಪ್ಪಿ ಬಂದ ಕೆಲಸವಲ್ಲವೇ, ಯಾರೂ ಬಲವಂತ ಮಾಡಲಿಲ್ಲವಲ್ಲ ಎಂಬುದು ಮೊದಲನೆಯದು. ನಿಜ, ಚಾಚಾ ಒಪ್ಪಿಯೇ ಹೋದದ್ದು. ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಪಂದ್ಯ ಕಟ್ಟಿ ಎರಡೆರಡು ಚೀಲ ಎತ್ತುತ್ತಿದ್ದರಂತೆ. ಆ ಹುಮ್ಮಸ್ಸಿನ ಕಥೆಯನ್ನು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಆದರೆ ಒಪ್ಪಿದವನು ಹತ್ತೊಂಬತ್ತರ ಹುಡುಗ. ಬೆಲೆ ತೆರುತ್ತಿರುವವರು ಐವತ್ತೆಂಟರ ಈ ಮನುಷ್ಯ. ಒಬ್ಬ ಹುಡುಗ ತಾನು ಮುಂದೆ ಆಗಲಿರುವ ಮುದುಕನ ಪರವಾಗಿ ಕರಾರಿಗೆ ಸಹಿ ಹಾಕಬಹುದೆ? ತನ್ನ ಮನೆಯನ್ನು ಒತ್ತೆ ಇಡುವವನಿಗೂ ಪತ್ರ ಓದಿ ಹೇಳುತ್ತಾರೆ. ಚಾಚಾನಿಗೆ ಯಾರೂ ಓದಿ ಹೇಳಿರಲಿಲ್ಲ, ಅವರ ಮೊಣಕಾಲಂತೂ ನರವಿಲ್ಲದ ಮೂಕ. ಮನೆಯಲ್ಲಿ ಆರು ಜನ ಒಲೆಯ ಕಡೆ ನೋಡುತ್ತ ಕುಳಿತಿರುವಾಗ ಕೊಟ್ಟ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆಯೆಂದು ಕರೆಯಲು ನಮಗೆ ನಾಲಗೆ ಬರುವುದಿಲ್ಲ.

ವಯಸ್ಸಾದರೆ ಎಲ್ಲರಿಗೂ ಮಂಡಿನೋವು ಬರುತ್ತದಲ್ಲ ಎಂಬುದು ಇನ್ನೊಂದು. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಅಪಾಯಕಾರಿ. ವಯಸ್ಸು, ಮೈಯ ತೂಕ, ವಂಶ, ಹಳೆಯ ಪೆಟ್ಟು ಎಲ್ಲವೂ ಕೀಲನ್ನು ಸವೆಸುತ್ತವೆ. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು. ಒಬ್ಬ ನಿರ್ದಿಷ್ಟ ಮನುಷ್ಯನ ಮೊಣಕಾಲಿನಲ್ಲಿ ವಯಸ್ಸಿನ ಪಾಲೆಷ್ಟು, ಚೀಲದ ಪಾಲೆಷ್ಟು ಎಂದು ಯಾವ ಎಕ್ಸ್‌ರೇಯೂ ಬೇರ್ಪಡಿಸಿ ತೋರಿಸದು. ಈ ಅನುಮಾನದ ಲಾಭವನ್ನು ನಮ್ಮಲ್ಲಿ ಯಾವಾಗಲೂ ಹೊರಿಸಿದವನಿಗೇ ಕೊಡುತ್ತೇವೆ. ಜರ್ಮನಿಯ ಆ 13,000 ಗಂಟೆಯ ಗೆರೆ ನಮಗೆ ಹಿಡಿಸುವುದು ಇದಕ್ಕೇ. ಇಂತಿಷ್ಟು ದುಡಿದ ಮೇಲೆ ಅನುಮಾನದ ಲಾಭ ದುಡಿದವನಿಗೆ ಸೇರಲಿ ಎಂದು ಅವರು ಒಂದು ಕಡೆ ಗೆರೆ ಎಳೆದರು.

ಮೂರನೆಯ ಸಮರ್ಥನೆ ನಮ್ಮ ಮನೆಯೊಳಗಿನದು. ಸಬರ್ ಮಾಡಿ ಚಾಚಾ, ಅಲ್ಲಾಹನ ಬಳಿ ಅಜ್ರ್ ಇದೆ ಎನ್ನುತ್ತೇವೆ. ಹೀಗೆ ನಾವೂ ಎಷ್ಟೋ ಸಲ ಹೇಳಿದ್ದೇವೆ. ಉರ್ದು ಶಾಲೆಯಲ್ಲಿ ನಮ್ಮ ಮೌಲ್ವಿ ಸಾಹೇಬರು ಒಂದು ಧಾತುವಿನಿಂದ ಎಷ್ಟು ಪದ ಹುಟ್ಟುತ್ತವೆ ಎಂದು ಬರೆಸುತ್ತಿದ್ದರು. 'ಉಜ್ರತ್' ಎಂದರೆ ಕೂಲಿ. 'ಅಜ್ರ್' ಎಂದರೆ ದೇವರು ಕೊಡುವ ಪ್ರತಿಫಲ. ಎರಡೂ ಒಂದೇ ಬೇರಿನವು. ಒಂದನ್ನು ಕಡಿಮೆ ಮಾಡಿಕೊಂಡು ಇನ್ನೊಂದನ್ನು ದೇವರ ಹೆಸರಿಗೆ ಬರೆಯುವ ಜಾಣತನವನ್ನು ಮೌಲ್ವಿ ಸಾಹೇಬರು ಕಲಿಸಿರಲಿಲ್ಲ, ಅದನ್ನು ನಾವು ಆಮೇಲೆ ಪೇಟೆಯಲ್ಲಿ ಕಲಿತೆವು. ಮನುಷ್ಯರ ಹಕ್ಕನ್ನು, ಅಂದರೆ ಹುಕೂಕುಲ್ ಇಬಾದ್ ಎನ್ನುವುದನ್ನು, ಆ ಮನುಷ್ಯನೇ ಬಿಟ್ಟುಕೊಡದ ಹೊರತು ಅದರಿಂದ ಬಿಡುಗಡೆಯಿಲ್ಲ ಎಂದು ಪ್ರತಿ ರಮಜಾನಿನಲ್ಲೂ ಕೇಳುತ್ತೇವೆ. ಹಾಗಿರುವಾಗ ಚಾಚಾನ ಬಾಕಿಯನ್ನು ದೇವರ ಖಾತೆಗೆ ವರ್ಗಾಯಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಸಬರ್ ಎನ್ನುವುದು ನೋವಿದ್ದವನು ತನಗೆ ತಾನೇ ಹೇಳಿಕೊಂಡರೆ ಚೆಂದ.

ಕನ್ನಡದ ಕಡೆಗೆ ಬಂದರೆ 'ಕಾಯಕ' ಎಂಬ ಮಾತಿನೊಳಗೇ 'ಕಾಯ' ಇದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವವರಿದ್ದರು, ಚೆಲ್ಲಿದ ಅಕ್ಕಿ ಆಯುವವರಿದ್ದರು. ದುಡಿಮೆಯನ್ನು ಅಷ್ಟು ಎತ್ತರಕ್ಕೆ ಏರಿಸಿದ ನುಡಿ ನಮ್ಮದು. ಆದರೆ ಸಭೆಗಳಲ್ಲಿ ಕಾಯಕದ ಬಗ್ಗೆ ಭಾಷಣ ಕೇಳುವಾಗಲೆಲ್ಲ ಭಾಷಣಕಾರರು ಕಾಯವನ್ನು ಮರೆತಿರುತ್ತಾರೆ ಎಂದು ನಮಗೆ ಅನ್ನಿಸುತ್ತದೆ. ದುಡಿಮೆಯನ್ನು ಹೊಗಳುವುದಕ್ಕೂ ದುಡಿಯುವವನ ಎಲುಬನ್ನು ಉಳಿಸುವುದಕ್ಕೂ ನಡುವೆ ಬಹಳ ದೂರವಿದೆ.

ಹಾಗಾದರೆ ಮಾಡುವುದೇನು? ಚೀಲ ಚಿಕ್ಕದಾಗಲಿ ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರದಿರಲಿ ಎಂದು ಶಿಫಾರಸು ಮಾಡಿತ್ತು. ಸಿಮೆಂಟು, ಗೊಬ್ಬರದ ಚೀಲಗಳು 50 ಕೆ.ಜಿ. ಮೀರುವುದಿಲ್ಲ. ಆದರೂ ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಮಾತು ಬಂದರೆ 75 ಕೆ.ಜಿ. ಚೀಲಕ್ಕೆ ಇಷ್ಟು ಎಂದೇ ದರ ಹೇಳುವ ರೂಢಿ. ನಾವು ಈ ವಿಷಯವನ್ನು ಬಹಳ ಉತ್ಸಾಹದಿಂದ ಚಾಚಾನ ಜೊತೆಗಾರನ ಮುಂದೆ ಹೇಳಿದೆವು. ಆತ ಇನ್ನೂ ಮಂಡಿಯಲ್ಲಿದ್ದಾನೆ. ಬೀಡಿ ಆರಿಸಿ ಕೇಳಿದ: "ಅಣ್ಣಾ, ಚೀಲ ಅರ್ಧ ಆದರೆ ಹಮಾಲಿನೂ ಅರ್ಧ ಮಾಡ್ತಾರೆ. ಆಮೇಲೆ ನಾನು ಎರಡು ಪಟ್ಟು ಓಡಾಡಬೇಕು. ಅದೂ ಇದೇ ಕಾಲಲ್ಲೇ ಅಲ್ವಾ?"

ನಮಗೆ ಉತ್ತರ ಹೊಳೆಯಲಿಲ್ಲ. ಒಂದೇ ಸಲಕ್ಕೆ ಬೀಳುವ ಹೊರೆ ಇಳಿದರೆ ಸೊಂಟಕ್ಕೂ ಮೊಣಕಾಲಿಗೂ ಖಂಡಿತ ಒಳ್ಳೆಯದು. ಆದರೆ ಕೂಲಿ ಚೀಲದ ಲೆಕ್ಕದಲ್ಲಿರುವವರೆಗೆ ಬಡವ ತನ್ನ ಮೈಯನ್ನು ತಾನೇ ಅವಸರಪಡಿಸುತ್ತಾನೆ. ನೋವು ಕಾಣಿಸಿದ ದಿನ ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ, ಅದಕ್ಕಾಗಿ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗಿ ಹೋಗುತ್ತಾನೆ. ಗುಳಿಗೆ ನೋವನ್ನು ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಕೊನೆಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿದ ಮೇಲೆ ಅದು ಮೊದಲಿಗಿಂತ ಅಗ್ಗವಾಯಿತು, ನಿಜ. ಆದರೆ ಲೋಹದ ಮೊಣಕಾಲು ಹಾಕಿಸಿಕೊಂಡವನಿಗೆ ವೈದ್ಯರು ಮೊದಲು ಹೇಳುವುದೇ ಇನ್ನು ಭಾರ ಎತ್ತಬಾರದು ಎಂದು. ನಡೆಯಲು ಕಾಲು ಬಂತು, ಆ ಕಾಲಿಗೆ ಕೆಲಸ ಹೋಯಿತು.

ಇಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಮಾತು ಹೇಳಬೇಕು. ಪುಣೆಯಲ್ಲಿ ಹಮಾಲ್ ಪಂಚಾಯತ್ ಕಟ್ಟಿದ ಬಾಬಾ ಆಢಾವ್ ವೃತ್ತಿಯಿಂದ ಆಯುರ್ವೇದ ವೈದ್ಯರಾಗಿದ್ದವರು. ಮೈಕೈ ನೋವಿಗೆ ಔಷಧಿ ಕೊಡಬೇಕಾದ ವೈದ್ಯ ಸಂಘ ಕಟ್ಟಲು ಹೊರಟದ್ದು ನಮಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 1969ರಲ್ಲಿ ಆ ರಾಜ್ಯದಲ್ಲಿ ಮಾಥಾಡಿ ಮತ್ತು ಹಮಾಲರ ಕಾಯ್ದೆ ಬಂತು. ಅದರ ಪ್ರಕಾರ ವ್ಯಾಪಾರಿ ಕೂಲಿಯನ್ನೂ, ಅದರ ಮೇಲೆ ಇಂತಿಷ್ಟು ಪಾಲು ಲೆವಿಯನ್ನೂ ಒಂದು ಮಂಡಳಿಗೆ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಯಿಟಿ, ರಜೆಯ ದುಡ್ಡು ಆ ಲೆವಿಯಿಂದ ಬರುತ್ತದೆ. ಆ ಮಂಡಳಿಗಳಲ್ಲಿ ದೋಷವಿಲ್ಲವೆಂದು ನಾವು ಹೇಳುತ್ತಿಲ್ಲ. ಕರ್ನಾಟಕದಲ್ಲೂ ಅಸಂಘಟಿತ ಕಾರ್ಮಿಕರ ಮಂಡಳಿಯೊಂದಿದೆ, ಹಮಾಲರಿಗೆ ಗುರುತಿನ ಚೀಟಿ ಕೊಟ್ಟಿದ್ದಾರೆ. ಆದರೆ ನಮ್ಮ ಮನಸ್ಸು ನಿಂತದ್ದು ಆ ಲೆವಿಯ ಹಿಂದಿರುವ ವಿಚಾರದ ಮೇಲೆ.

ಏಕೆಂದರೆ ಚಾಚಾನ ಮೊಣಕಾಲಿನ ವಿಷಯದಲ್ಲಿ ನಮ್ಮ ಆತ್ಮಸಾಕ್ಷಿಗೆ ಸಿಗುವ ದೊಡ್ಡ ತಪ್ಪಿಸಿಕೊಳ್ಳುವ ದಾರಿ ಎಂದರೆ ಪಾಲಿನ ಲೆಕ್ಕವೇ. ಮೂವತ್ತೇಳು ವರ್ಷದಲ್ಲಿ ಅವರು ಹೊತ್ತ ಲಕ್ಷಾಂತರ ಚೀಲಗಳ ಮುಂದೆ ನಮ್ಮ 31 ಪೆಟ್ಟಿಗೆ ಎಷ್ಟರವು? ಅಂಗಡಿಯವರೂ ಹಾಗೆಯೇ ಹೇಳಬಹುದು, ನನ್ನಲ್ಲಿ ಎರಡೇ ವರ್ಷ ಇದ್ದ ಎಂದು. ಅಕ್ಕಿ ಉಂಡವರಂತೂ ಅವರ ಮುಖವನ್ನೇ ನೋಡಿಲ್ಲ. ಸಾವಿರ ಜನ ಒಂದೊಂದು ಗುಂಜಿಯಷ್ಟು ಸವೆಸಿದ್ದೇವೆ, ಹಾಗಾಗಿ ಯಾರೂ ಸವೆಸಿಲ್ಲ. ಫಿಕ್ಹ್‌ನಲ್ಲಿ ಫರ್ಜೆ ಕಿಫಾಯಾ ಎಂಬ ಮಾತಿದೆ. ಜನಾಜಾ ನಮಾಜು ಅಂಥದು. ಊರಿನಲ್ಲಿ ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಒಬ್ಬರೂ ಮಾಡದಿದ್ದರೆ ಇಡೀ ಊರು ಪಾಪಕ್ಕೆ ಗುರಿ. ಹಂಚಲು ಬಾರದ ಹೊಣೆ ಇಲ್ಲವಾಗುವುದಿಲ್ಲ, ಎಲ್ಲರ ಮೇಲೂ ಪೂರ್ತಿಯಾಗಿ ಉಳಿಯುತ್ತದೆ ಎಂದು ಇದರಿಂದ ನಾವು ಅರ್ಥ ಮಾಡಿಕೊಂಡಿದ್ದೇವೆ. ಲೆವಿ ಎಂಬುದು ಈ ಹಂಚಲಾಗದ ಬಾಕಿಯನ್ನು ಹಂಚುವ ಒಂದು ಉಪಾಯ. ಪ್ರತಿ ಚೀಲವೂ ತನ್ನನ್ನು ಹೊತ್ತ ಕೀಲಿಗೆ ಕೆಲವು ಪೈಸೆ ಇಟ್ಟುಹೋಗುತ್ತದೆ. ಕಟ್ಟಡ ಕಟ್ಟುವವರಿಂದ ವೆಚ್ಚದ ನೂರಕ್ಕೆ 1 ಪಾಲು ಸೆಸ್ ವಸೂಲಿ ಮಾಡುತ್ತಿದ್ದ 1996ರ ಕಾಯ್ದೆಯ ಹಿಂದಿದ್ದದ್ದೂ ಇದೇ ಯೋಚನೆ.

ಕೀಲುಗಳ ಬಗ್ಗೆಯೇ ಒಂದು ಪ್ರವಾದಿ ವಚನವಿದೆ, ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳೆರಡರಲ್ಲೂ ಬಂದಿದೆ. ಸೂರ್ಯ ಹುಟ್ಟುವ ಪ್ರತಿ ದಿನ ಮನುಷ್ಯನ ಒಂದೊಂದು ಕೀಲಿನ ಮೇಲೂ ಒಂದು ಸದಕಾ ಬಾಕಿಯಿರುತ್ತದೆ ಎಂಬುದು ಅದರ ತಾತ್ಪರ್ಯ. ಯಾವುದು ಸದಕಾ ಎಂದು ಹೇಳುವಲ್ಲಿ ಇಬ್ಬರ ನಡುವೆ ನ್ಯಾಯ ಮಾಡುವುದು, ಒಳ್ಳೆಯ ಮಾತು, ದಾರಿಯ ಅಡೆತಡೆ ತೆಗೆಯುವುದು ಇವುಗಳ ಜೊತೆಗೆ ಇನ್ನೊಬ್ಬನ ಸರಂಜಾಮನ್ನು ಅವನ ಸವಾರಿಯ ಮೇಲೆ ಎತ್ತಿಕೊಡುವುದೂ ಸೇರಿದೆ. ಚಿಕ್ಕಂದಿನಿಂದ ಕೇಳಿದ ಮಾತು. ಇಷ್ಟು ವರ್ಷ ನಾವು ಅದನ್ನು ನಮ್ಮ ಸ್ವಂತ ಕೀಲಿನ ಲೆಕ್ಕವೆಂದೇ ತಿಳಿದಿದ್ದೆವು. ನಮ್ಮ ಕೀಲನ್ನು ಉಳಿಸಲು ತನ್ನ ಕೀಲನ್ನು ಕೊಟ್ಟವನ ಲೆಕ್ಕ ಅದರೊಳಗೆ ಇರಬಹುದೆಂದು ಹೊಳೆದಿರಲಿಲ್ಲ.

ಹಮಾಲರ ಕೀಲಾದರೂ ಬೀದಿಯಲ್ಲಿ ಸವೆಯುತ್ತದೆ, ಯಾರಾದರೂ ನೋಡುತ್ತಾರೆ. ಮನೆಯೊಳಗೆ ಸವೆದದ್ದನ್ನು ಯಾರು ಬಲ್ಲರು? ನಮ್ಮ ಅಮ್ಮಿ ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟಿದವರು. ಮಡಿಲಲ್ಲಿ ಮೊರ ಇಟ್ಟುಕೊಂಡು, ಚಕ್ಕಂಬಕ್ಕಲ ಹಾಕಿ, ಕತ್ತು ಬಗ್ಗಿಸಿ ಕೂತರೆ ಏಳುವುದು ಅಜಾನ್ ಆದಾಗಲೇ. ಸಾವಿರ ಬೀಡಿಯ ಲೆಕ್ಕಕ್ಕೆ ಕೂಲಿ. ಕೊನೆಕೊನೆಗೆ ಅವರಿಗೆ ರೊಟ್ಟಿ ಮುರಿಯಲು ಹೆಬ್ಬೆರಳು ಬಗ್ಗುತ್ತಿರಲಿಲ್ಲ, ತಿರುಗಿ ನೋಡಬೇಕಾದರೆ ಮೈಯನ್ನೇ ತಿರುಗಿಸುತ್ತಿದ್ದರು. ನಮ್ಮ ಶಾಲೆಯ ಫೀಸು ಆ ಹೆಬ್ಬೆರಳಿನಿಂದ ಬಂದದ್ದು. 'ಹಮಾಲ್' ಎಂಬುದು ಅರಬಿಯ 'ಹಮ್ಲ್' ಧಾತುವಿನಿಂದ ಹುಟ್ಟಿದ್ದು, ಹೊರುವುದು ಎಂದರ್ಥ. ಬಸುರಿ ಹೆಂಗಸನ್ನು 'ಹಾಮಿಲಾ' ಎನ್ನುವುದೂ ಅದೇ ಧಾತುವಿನಿಂದ. ಇದನ್ನೂ ಮೌಲ್ವಿ ಸಾಹೇಬರೇ ಬರೆಸಿದ್ದು. ಆಗ ನಾವು ಹುಡುಗರೆಲ್ಲ ನಕ್ಕಿದ್ದೆವು.

ಈ ಸಲ ರಮಜಾನಿಗೆ ಮುಂಚೆ ಮಸೀದಿಯ ಕಮಿಟಿ ಸೇರಿದಾಗ ನಾವು ಎರಡು ಮಾತು ಇಟ್ಟೆವು. ಬಡವರಿಗೆ ಹಂಚುವ 25 ಕೆ.ಜಿ. ಅಕ್ಕಿ ಚೀಲಗಳನ್ನು ಲಾರಿಯಿಂದ ಗಲ್ಲಿಗಳಿಗೆ ಒಯ್ಯಲು ಎರಡು ಕೈಗಾಡಿ ಕೊಳ್ಳೋಣ; ಹಂಚುವವರು ಪುಣ್ಯ ಮಾಡುವಾಗ ಹೊರುವವರ ಸೊಂಟ ಮುರಿಯುವುದು ಬೇಡ. ಇನ್ನೊಂದು, ಮೊಹಲ್ಲಾದಲ್ಲಿ ಕಾಲು ಕಳೆದುಕೊಂಡು ಕುಳಿತ ನಾಲ್ವರು ಹಳೆಯ ಹಮಾಲರಿಗೆ ತಿಂಗಳಿಗೆ ಇಂತಿಷ್ಟು ಎಂದು ಕೊಡೋಣ. ಕೈಗಾಡಿಗೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ಒಬ್ಬರು, ಅದನ್ನು ಜಕಾತಿನ ಹಣದಿಂದ ಕೊಡಬಹುದಲ್ಲ ಎಂದರು. ಮೌಲಾನಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅವರು ಬಡವರು, ಅದಕ್ಕೇ ಕೊಡುತ್ತೀರಾದರೆ ಜಕಾತ್ ಸಲ್ಲುತ್ತದೆ. ಅವರಿಗೆ ನಾವು ಕೊಡಬೇಕಾದ ಬಾಕಿ ಎನ್ನುತ್ತೀರಾದರೆ ಜಕಾತಿನಿಂದ ತೀರಿಸಲು ಬರುವುದಿಲ್ಲ. ಸಾಲಗಾರ ತನ್ನ ಸಾಲವನ್ನು ಜಕಾತಿನಲ್ಲಿ ತೀರಿಸುವಂತಿಲ್ಲ. ಇದು ಯಾವುದು, ನೀವೇ ಹೇಳಿ."

ಮಂಡಿಯಲ್ಲಿ ಅಂಗಡಿಯಿರುವ ಹಿರಿಯರೊಬ್ಬರು ಎದ್ದು ನಿಂತರು. ಕೈ ಬಿಚ್ಚಿ ಕೊಡುವವರು, ಮಸೀದಿಯ ಹೊಸ ಹೌಜ್ ಕಟ್ಟಿಸಿದವರು. "ಖೈರಾತ್ ಅಂದರೆ ಇವತ್ತೇ ಹತ್ತು ಸಾವಿರ ಕೊಡುತ್ತೇನೆ. ಬಾಕಿ ಅಂದರೆ ಒಂದು ರೂಪಾಯಿಯೂ ಕೊಡಲಾರೆ. ನಾನು ಯಾರ ಕೂಲಿಯನ್ನೂ ಇಟ್ಟುಕೊಂಡವನಲ್ಲ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಏನೋ ಹೇಳಲು ಹೊರಟೆವು, ಸಾವಿರದ ಇನ್ನೂರು ರೂಪಾಯಿ ನೆನಪಾಗಿ ಮಾತು ಅರ್ಧಕ್ಕೇ ನಿಂತಿತು. ಹಿಂದಿನ ಕುರ್ಚಿಯಲ್ಲಿದ್ದ ಚಾಚಾ ಎದ್ದರು. ಜನ ಏಳುವ ಮುಂಚೆ ಮೆಟ್ಟಿಲು ಇಳಿದುಬಿಡುತ್ತೇನೆ, ತಡವಾಗುತ್ತದೆ ಎಂದರು. ಕೈಗಾಡಿಗಳನ್ನು ಮರುವಾರ ತಂದೆವು. ಎರಡನೆಯ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.